ಹಾಡಿನ ಋಣ

ಮನುಷ್ಯನು ಹುಟ್ಟುವಾಗಲೇ ಸಾಲವನ್ನು ಹೊತ್ತು ಹುಟ್ಟುತ್ತಾನೆಂದು ನಮ್ಮ ಪ್ರಾಚೀನರು ಹೇಳಿರುವರಷ್ಟೆ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರರಲ್ಲಿ ಋಷಿಋಣವು ವಿದ್ಯೆಯ ಸಾಲ. ಅದನ್ನು ಕೊಟ್ಟವನಿಗೇ ಹಿಂದಿರುಗಿಸುವಂತಿಲ್ಲ. ಕಲಿತದ್ದನ್ನು ಮುಂದಿನವರಿಗೆ ದಾಟಿಸಿಯೇ ತೀರಿಸಬೇಕು. ಹಾಗಾದರೆ ಹಳೆಯ ಹಾಡನ್ನೂ ಅನ್ಯರ ಲಯವನ್ನೂ ತೆಗೆದುಕೊಂಡು ಹೊಸತನ್ನು ಕಟ್ಟುವ ಗಾಯಕನ ಸಾಲವು ಯಾವ ಬಗೆಯದು? ಮುಂದಿನವರಿಗೆ ಹಾಡಿದ ಮಾತ್ರದಿಂದ ಅದು ತೀರುವುದೆ? ಐರ್ಲೆಂಡಿನ ಗಾಯಕಿ ಶಿನೇಡ್ ಓಕಾನರ್ ಹಾಡಿದ ಒಂದು ಶೋಕಗೀತೆಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬಹುದು.

ಈಕೆ ೧೯೬೬ರಲ್ಲಿ ಡಬ್ಲಿನ್ ನಗರದಲ್ಲಿ ಹುಟ್ಟಿ ೨೦೨೩ರಲ್ಲಿ ಕಾಲವಾದಳು. ತಾನೇ ಹಾಡು ಕಟ್ಟಿ ಹಾಡುತ್ತಿದ್ದ ಈಕೆಯ ೧೯೯೦ರ ಗೀತಸಂಪುಟದಲ್ಲಿ ಆ ಶೋಕಗೀತೆ ಇದೆ. ಪ್ರಿಯೆಯ ಸಮಾಧಿಯ ಮೇಲೆ ಮೈಚಾಚಿ ಬಿದ್ದಿರುವವನ ಅಳಲು ಅದರ ವಸ್ತು. ಮೂಲವು ಐರಿಷ್ ನುಡಿಯದು, ಹದಿನೇಳನೆಯ ಶತಮಾನದ್ದೆಂದು ಪ್ರತೀತಿ. ಕವಿಯ ಹೆಸರು ಉಳಿದಿಲ್ಲ. ಅದನ್ನು ಇಂಗ್ಲಿಷಿಗೆ ತಂದವನು ಫ್ರಾಂಕ್ ಓಕಾನರ್ ಎಂಬ ಕಾವ್ಯನಾಮದ ಪ್ರಸಿದ್ಧ ಕಥೆಗಾರ. ಅದಕ್ಕೆ ಮಟ್ಟು ಹಾಕಿದವನು ಫಿಲಿಪ್ ಕಿಂಗ್. ಸ್ಕಲಿಯನ್ ಎಂಬ ಮೇಳದೊಡನೆ ೧೯೭೯ರಲ್ಲಿ ಅದನ್ನು ಹಾಡಿದನು. ಐರ್ಲೆಂಡಿನಲ್ಲಿ ಪಕ್ಕವಾದ್ಯವಿಲ್ಲದೆ ಒಂಟಿ ಕಂಠದಲ್ಲಿ ಹಾಡುವ ಪದ್ಧತಿಗೆ ‘ಶಾನ್ ನೋಸ್’, ಎಂದರೆ ಹಳೆಯ ರೀತಿ, ಎಂದು ಹೆಸರು. ಶಿನೇಡಳ ಕಂಠವು ಆ ರೀತಿಯನ್ನೇ ನೆನಪಿಗೆ ತರುತ್ತದೆ. ಆದರೆ ಅದರ ಕೆಳಗೆ ಡ್ರಮ್ಮಿನ ಒಂದು ಗತ್ತು ಬಿಡದೆ ಸುತ್ತುತ್ತಿರುತ್ತದೆ. ಕೊನೆಯಲ್ಲಿ ಪಿಟೀಲು ಬಂದು ಸೇರುತ್ತದೆ.

ಆ ಗತ್ತು ಐರ್ಲೆಂಡಿನದಲ್ಲ. ೧೯೬೯ರ ನವೆಂಬರಿನಲ್ಲಿ ಅಮೆರಿಕದ ಸಿನ್ಸಿನಾಟಿ ನಗರದಲ್ಲಿ, ಜೇಮ್ಸ್ ಬ್ರೌನನ ಮೇಳದ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ನೀಗ್ರೋ ಸಂತತಿಯ ವಾದಕನು ಅದನ್ನು ನುಡಿಸಿದನು. ಉಳಿದ ವಾದ್ಯಗಳು ಸುಮ್ಮನಾಗಿ ಡ್ರಮ್ ಒಂದೇ ಕೇಳಿಸುವ ಕೆಲವೇ ಕ್ಷಣಗಳ ಭಾಗವದು. ೧೯೭೩ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಕೂಲ್ ಹರ್ಕ್ ಎಂಬ ಯುವಕನು, ಕುಣಿಯುವವರು ಇಂಥ ಭಾಗಗಳಿಗಾಗಿಯೇ ಕಾಯುವುದನ್ನು ಕಂಡು, ಮುಂದೆ ಒಂದೇ ತಟ್ಟೆಯ ಎರಡು ಪ್ರತಿಗಳನ್ನು ಮಾರಿಮಾರಿ ನುಡಿಸಿ ಅವನ್ನು ಬೆಳೆಸುವ ಉಪಾಯವನ್ನು ತೋರಿಸಿದನು. ಹಿಪ್‌ಹಾಪ್ ಎಂಬ ಸಂಗೀತವು ಅಲ್ಲಿಂದ ಮೊಳೆಯಿತು. ಆಮೇಲೆ ಯಂತ್ರಗಳು ಬಂದು, ಹಳೆಯ ಧ್ವನಿಮುದ್ರಣದ ತುಣುಕನ್ನು ಕತ್ತರಿಸಿ ಎಷ್ಟು ಬೇಕಾದರೂ ಸುತ್ತಿಸುವುದು ಸುಲಭವಾಯಿತು. ಸ್ಟಬಲ್‌ಫೀಲ್ಡನ ಆ ತುಣುಕು ನೂರಾರು ಹಾಡುಗಳಿಗೆ ಅಡಿಪಾಯವಾಯಿತು.

ಶಿನೇಡಳಿಗೆ ಈ ಸಂಗೀತದ ಮೇಲಿದ್ದುದು ತೋರಿಕೆಯ ಮೋಹವಲ್ಲ. ೧೯೮೯ರಲ್ಲಿ ಅಮೆರಿಕದ ಗ್ರ್ಯಾಮಿ ಪಾರಿತೋಷಕಗಳಲ್ಲಿ ರ್‍ಯಾಪ್ ಗಾಯನಕ್ಕೆ ಮೊದಲ ಬಾರಿ ಸ್ಥಾನ ದೊರೆತರೂ ಅದನ್ನು ಕೊಡುವ ಭಾಗವನ್ನು ದೂರದರ್ಶನದಲ್ಲಿ ತೋರಿಸಲಿಲ್ಲ. ಇದನ್ನು ಪ್ರತಿಭಟಿಸಿ ಆಕೆ ‘ಪಬ್ಲಿಕ್ ಎನಿಮಿ’ ಎಂಬ ರ್‍ಯಾಪ್ ಮೇಳದ ಲಾಂಛನವನ್ನು ತನ್ನ ಬೋಳುತಲೆಯ ಮೇಲೆ ಬಿಡಿಸಿಕೊಂಡು ವೇದಿಕೆಯನ್ನೇರಿದಳು. ೧೮೪೫ರಲ್ಲಿ ಮೊದಲಾದ ಐರ್ಲೆಂಡಿನ ಮಹಾಕ್ಷಾಮವನ್ನು ಕುರಿತು ೧೯೯೪ರಲ್ಲಿ ರ್‍ಯಾಪ್ ಶೈಲಿಯಲ್ಲಿಯೇ ಒಂದು ರಚನೆಯನ್ನು ಮಾಡಿದಳು.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಸಮಾಧಿಯ ಮುಂದಿನ ಅಳುವಿಗೆ ಕುಣಿತದ ಗತ್ತನ್ನು ಕಟ್ಟುವುದು ಸಂಕರವಲ್ಲವೆ? ನನಗೆ ಹಾಗೆ ತೋರುವುದಿಲ್ಲ. ಸುತ್ತಿ ಸುತ್ತಿ ಅಲ್ಲಿಗೇ ಬರುವ ಆ ಗತ್ತು ಮುಂದಕ್ಕೆ ಹೋಗಲಾರದು; ಸಮಾಧಿಯ ಬಳಿಯಿಂದ ಏಳಲಾರದವನ ದುಃಖವೂ ಅಂಥದೇ. ಅಲ್ಲದೆ ಶುದ್ಧವೆಂದು ನಾವು ಕಾಪಾಡಹೊರಟಿರುವುದಾದರೂ ಯಾವುದು? ಮಾತು ಅನುವಾದ, ಮಟ್ಟು ೧೯೭೯ರ ಆಚೀಚಿನದು. ಪಿಟೀಲು ಇಟಲಿಯಿಂದ ಹೊರಟು ಐರ್ಲೆಂಡನ್ನು ಸೇರಿದ ವಾದ್ಯ. ನಮ್ಮ ಕಚೇರಿಗಳಿಗೂ ಅದು ಹೊರಗಿನಿಂದಲೇ ಬಂದಿತು. ಬೆರಕೆಯು ದೋಷವಲ್ಲ. ದೋಷವನ್ನು ಹುಡುಕಬೇಕಾದ ಸ್ಥಳ ಬೇರೆ.

ಅದೆಂದರೆ ಲೆಕ್ಕ. ಹೆಸರಿಲ್ಲದ ಆ ಕವಿಗೆ ಯಾರೂ ಏನನ್ನೂ ಕೊಡಲಾರರು. ಹಾಡಿದರೆ ಅವನ ಸಾಲ ತೀರಿತು. ಇದು ಋಷಿಋಣ. ಆದರೆ ಡ್ರಮ್ ನುಡಿಸಿದವನು ಬದುಕಿದ್ದನು. ರಚನೆಕಾರನೆಂದು ಬರೆದಿದ್ದುದು ಜೇಮ್ಸ್ ಬ್ರೌನನ ಹೆಸರು. ಕಾಯಿದೆಯ ಕಣ್ಣಿನಲ್ಲಿ ಸ್ಟಬಲ್‌ಫೀಲ್ಡನು ಕೂಲಿಗೆ ನುಡಿಸಿದವನು ಮಾತ್ರ. ತನ್ನ ಗತ್ತಿನಿಂದ ಹುಟ್ಟಿದ ಹಾಡುಗಳ ಆದಾಯದಲ್ಲಿ ಅವನಿಗೆ ದೊರೆತದ್ದು ಅತ್ಯಲ್ಪ. ಹಣಕ್ಕಿಂತಲೂ ತನ್ನ ಹೆಸರನ್ನು ಕಾಣಿಸಿದ್ದರೆ ಸಾಕಾಗಿತ್ತೆಂಬುದು ಅವನ ಅಳಲಾಗಿತ್ತು. ೨೦೦೦ದಲ್ಲಿ ಅವನಿಗೆ ಅರ್ಬುದರೋಗ ತಗುಲಿದಾಗ ಚಿಕಿತ್ಸೆಯ ವೆಚ್ಚವನ್ನು ಸದ್ದಿಲ್ಲದೆ ತೆತ್ತವನು ಪ್ರಿನ್ಸ್ ಎಂಬ ಗಾಯಕ. ೨೦೧೬ರಲ್ಲಿ ಪ್ರಿನ್ಸ್ ಮಡಿದ ಮೇಲೆ ಸ್ಟಬಲ್‌ಫೀಲ್ಡನೇ ಅದನ್ನು ಹೊರಗೆಡಹಿದನು. ಶಿನೇಡಳನ್ನು ಜಗತ್ಪ್ರಸಿದ್ಧಳನ್ನಾಗಿಸಿದ, ಅದೇ ಸಂಪುಟದ ಮತ್ತೊಂದು ಹಾಡನ್ನು ರಚಿಸಿದವನೂ ಈ ಪ್ರಿನ್ಸನೇ. ಕಾಯಿದೆ ಯಾರನ್ನೂ ಒತ್ತಾಯಿಸದ ಸಾಲವನ್ನು ಒಬ್ಬನು ತನ್ನದೆಂದು ತಿಳಿದು ತೀರಿಸಿದನು.

ಆ ವಾದಕನೂ ಸಾಲಗಾರನೇ ಅಲ್ಲವೆ ಎಂದು ಕೇಳಬಹುದು. ನಿಜ, ಚಟ್ಟನೂಗ ಎಂಬ ಊರಿನಲ್ಲಿ ಬಾಲಕನಾಗಿದ್ದಾಗ ಕಾರ್ಖಾನೆಗಳ ಮತ್ತು ರೈಲುಬಂಡಿಗಳ ಸದ್ದಿನಿಂದಲೇ ತನಗೆ ಲಯದ ಪಾಠವಾಯಿತೆಂದು ಅವನು ಹೇಳಿಕೊಂಡಿದ್ದುಂಟು. ಆದರೆ ರೈಲುಬಂಡಿಗೆ ಹಸಿವಿಲ್ಲ, ರೋಗವಿಲ್ಲ. ನುಡಿಸಿದವನಿಗೆ ಎರಡೂ ಉಂಟು.

ಆದಕಾರಣ ಹಾಡಿನ ಋಣವು ಎರಡು ಬಗೆ. ಗತಿಸಿದವರದನ್ನು ಹಾಡಿ ತೀರಿಸಬೇಕು. ಇರುವವರದನ್ನು ಹೆಸರು ಹೇಳಿ, ಸಲ್ಲಬೇಕಾದುದನ್ನು ಸಲ್ಲಿಸಿ ತೀರಿಸಬೇಕು. ಬದುಕಿರುವವನ ದುಡಿಮೆಯನ್ನೂ ‘ಪರಂಪರೆ’ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ಅನ್ಯಾಯವಿರುವುದು ಆ ಸುಲಭದಲ್ಲಿಯೇ. ಇದು ಒಬ್ಬ ಗಾಯಕಿಯ ಮೇಲಿನ ಆರೋಪವಲ್ಲ; ಕೇಳಿ ಸುಖಪಡುವ ನಾವೂ ಆ ಸಾಲದಲ್ಲಿ ಪಾಲುಗಾರರು. ಸ್ಟಬಲ್‌ಫೀಲ್ಡನು ೨೦೧೭ರಲ್ಲಿ ತೀರಿಕೊಂಡನು. ಅವನಿಗೆ ಕೈಯಾರೆ ಕೊಡಬಹುದಾಗಿದ್ದ ಕಾಲವು ಕಳೆದುಹೋಯಿತು. ಈಗ ಆ ಗತ್ತನ್ನು ಕೇಳಿದಾಗ ಅವನ ಹೆಸರನ್ನು ಹೇಳುವುದೊಂದೇ ಉಳಿದಿದೆ.