ಪರವಾಗಿ ಆಡುವ ಮಾತು

1989ರ ಅಕ್ಟೋಬರ್‌ನಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಕೆಲವೇ ಮತಗಳ ಕೊರತೆಯಿಂದ ಬಿದ್ದುಹೋಯಿತು. ಸಂವಿಧಾನದ 64ನೇ ತಿದ್ದುಪಡಿಯ ಮಸೂದೆ ಅದು. ಪಂಚಾಯಿತಿಗಳಲ್ಲಿ ನೂರಕ್ಕೆ 30 ಸ್ಥಾನ ಹೆಣ್ಣುಮಕ್ಕಳಿಗೆ ಎಂಬ ಮಾತು ಅದರಲ್ಲಿತ್ತು. ಹಿಂದಿನ ವರ್ಷ ಬಂದಿದ್ದ ರಾಷ್ಟ್ರೀಯ ಮಹಿಳಾ ಮುನ್ನೋಟ ಯೋಜನೆ ಇದನ್ನೇ ಶಿಫಾರಸು ಮಾಡಿತ್ತು. ಆ ಯೋಜನೆ ತಯಾರಾದಾಗ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಹೊಣೆ ಹೊತ್ತಿದ್ದ ರಾಜ್ಯ ಸಚಿವೆ ಮಾರ್ಗರೆಟ್ ಆಳ್ವ. 1974ರಿಂದ 1998ರವರೆಗೆ ಸತತ ನಾಲ್ಕು ಅವಧಿಗೆ ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದವರು. ತಮ್ಮ ಸದನದಲ್ಲೇ ತಮ್ಮ ಮಾತು ಸೋತದ್ದನ್ನು ಅವರು ನೋಡಬೇಕಾಯಿತು.

ವಿರೋಧಿಸಿದವರಿಗೆ ಹೆಂಗಸರ ಮೇಲೆ ಸಿಟ್ಟಿತ್ತು ಎನ್ನುವಂತಿಲ್ಲ. ದೆಹಲಿ ರಾಜ್ಯಗಳನ್ನು ದಾಟಿ ನೇರ ಹಳ್ಳಿಗೆ ಕೈಹಾಕುತ್ತಿದೆ ಎಂಬುದು ಅವರ ತಕರಾರು. ಅದರಲ್ಲಿ ಹುರುಳೂ ಇತ್ತು. ವಿರೋಧಿ ಪಾಳೆಯದಲ್ಲಿದ್ದ ಜನತಾ ಪರಿವಾರವೇ ನಮ್ಮ ರಾಜ್ಯದಲ್ಲಿ, ಅಬ್ದುಲ್ ನಜೀರ್ ಸಾಬ್ ಅವರ ಮುಂದಾಳತ್ವದಲ್ಲಿ, 1983ರ ಕಾಯ್ದೆಯ ಮೂಲಕ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಕೊಟ್ಟಿತ್ತು. ನ್ಯಾಯದ ಎರಡು ಬೇಡಿಕೆಗಳು ಒಂದಕ್ಕೊಂದು ಅಡ್ಡ ನಿಂತರೆ ಬಡವಾಗುವುದು ಯಾವುದು ಎಂಬುದಕ್ಕೆ ಅಂದಿನ ಮತ ಎಣಿಕೆ ಸಾಕ್ಷಿ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಆಳ್ವ ಮಂಗಳೂರಿನಲ್ಲಿ ಹುಟ್ಟಿದ ವಕೀಲೆ. ರಾಜ್ಯಸಭೆಯ ಉಪಸಭಾಪತಿಯಾಗಿದ್ದ ವಯಲೆಟ್ ಆಳ್ವರ ಸೊಸೆ. ಜನರ ಮತದಿಂದಲ್ಲ, ಶಾಸಕರ ಮತದಿಂದ ಸದನಕ್ಕೆ ಬಂದವರು. ಮೈಸೂರು ಜಿಲ್ಲೆಯ ಚುಂಚನಕಟ್ಟೆಯ ನಾಲೆ ಬಯಲಿನಲ್ಲಿ ಸೊಂಟ ಬಗ್ಗಿಸಿ ನಾಟಿ ಹಾಕುವವಳ ಪರವಾಗಿ, ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ವಿಂಗಡಿಸುವವಳ ಪರವಾಗಿ ಮಾತಾಡಲು ಇವರಿಗೆ ಏನು ಅಧಿಕಾರ? ಈ ಪ್ರಶ್ನೆಯನ್ನು ಕುಹಕ ಎಂದು ತಳ್ಳಿಹಾಕುವುದು ಸುಲಭ. ತಳ್ಳಿಹಾಕಬಾರದು.

ಪರವಾಗಿ ವಾದಿಸುವುದು ಬೇರೆ, ಪರವಾಗಿ ತೀರ್ಮಾನಿಸುವುದು ಬೇರೆ. ವಾದಿಸಲು ನೊಂದವರ ಜಾತಿ, ಕೆಲಸ, ಮೈ ಯಾವುದೂ ಬೇಕಿಲ್ಲ. ವಿಷಯ ಗೊತ್ತಿರಬೇಕು, ಎದೆಗಾರಿಕೆ ಇರಬೇಕು. ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕಾನೂನು ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಬಂತು, ಬ್ರಿಟಿಷ್ ಭಾರತಕ್ಕಿಂತ ನಾಲ್ಕು ವರ್ಷ ಮೊದಲು. ಅದಕ್ಕಾಗಿ ವಾದಿಸಿದವರಲ್ಲಿ ಹೆಚ್ಚಿನವರು ಪೇಟ ಸುತ್ತಿದ ಗಂಡಸರು. ಅವರಿಗೆ ನಾವು ಋಣಿಗಳೇ. ಆದರೆ ತೀರ್ಮಾನದ ಜಾಗದಲ್ಲಿ ಬೇರೆಯವರೇ ಕೂತಿದ್ದರೆ, ಬಂದ ಹಕ್ಕು ಮನೆಯ ಹೊಸ್ತಿಲಲ್ಲೇ ನಿಲ್ಲುತ್ತದೆ.

ಹೇಗೆ ನಿಲ್ಲುತ್ತದೆ ಎಂದು ನೋಡಬೇಕಿದ್ದರೆ ಯಾವುದಾದರೂ ತಾಲ್ಲೂಕಿನ ಉಪನೋಂದಣಿ ಕಚೇರಿಯ ಜಗಲಿಯಲ್ಲಿ ಒಂದು ಬೆಳಿಗ್ಗೆ ಕೂರಬೇಕು. ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದಿತು. ಅದಕ್ಕೆ ಮೊದಲೇ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. ದೇಶಕ್ಕೆಲ್ಲ ಅಂಥ ಹಕ್ಕು ಬಂದದ್ದು 2005ರಲ್ಲಿ. ಜಗಲಿಯ ಮೇಲೆ ಕಾಣುವುದು ಇಷ್ಟು: ಅಣ್ಣ ಬಾಡಿಗೆ ಕಾರು ಮಾಡಿಕೊಂಡು ಅಕ್ಕತಂಗಿಯರನ್ನು ಅವರವರ ಗಂಡನ ಊರಿಂದ ಕರೆತಂದಿರುತ್ತಾನೆ. ಹಕ್ಕು ಬಿಡುಗಡೆ ಪತ್ರ ಆಗಲೇ ಟೈಪಾಗಿರುತ್ತದೆ. ‘ಅಣ್ಣ ಅವ್ನೆ, ತವರಲ್ವಾ, ಹಾಕ್ಬುಡವ್ವ’ ಎಂದು ದೊಡ್ಡವರೊಬ್ಬರು ಹೇಳುತ್ತಾರೆ. ಹೆಬ್ಬೆಟ್ಟಿನ ಗುರುತು, ಫೋಟೋ, ಹೋಟೆಲಿನಲ್ಲಿ ಊಟ, ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ. ಬಲವಂತ ಯಾರೂ ಮಾಡಿಲ್ಲ. ಸಹಿ ಹಾಕದಿದ್ದರೆ ಗೌರಿ ಹಬ್ಬಕ್ಕೆ ಕರೆಯುವವರಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಅಷ್ಟೇ.

ಚುಂಚನಕಟ್ಟೆಯ ಕೋದಂಡರಾಮನ ಗುಡಿಯಲ್ಲಿ ಸೀತೆ ರಾಮನ ಬಲಕ್ಕೆ ನಿಂತಿದ್ದಾಳೆ, ಬೇರೆಡೆಯಂತೆ ಎಡಕ್ಕಲ್ಲ. ಊರವರು ಇದನ್ನು ಹೆಮ್ಮೆಯಿಂದ ತೋರಿಸುತ್ತಾರೆ, ತೋರಿಸಲಿ. ಅದು ಗೌರವ. ಗೌರವ ಕೊಡುವವರ ಮರ್ಜಿಯಲ್ಲಿರುತ್ತದೆ; ಹಕ್ಕು ಹಾಗಲ್ಲ. ಬಲಗಡೆ ನಿಲ್ಲಿಸಿ ಪೂಜಿಸುವ ಊರುಗಳಲ್ಲೂ ಬಿಡುಗಡೆ ಪತ್ರ ಬರೆಯುವವರ ಕೈಗೆ ಬಿಡುವಿಲ್ಲ.

ಹಾಗಾಗಿ ಆಳ್ವರ ದೊಡ್ಡ ಕೊಡುಗೆ ಯಾವುದೆಂದರೆ, ಹೆಂಗಸರ ಪರವಾಗಿ ಚೆನ್ನಾಗಿ ಮಾತಾಡಿದ್ದಲ್ಲ. ಪರವಾಗಿ ಮಾತಾಡುವವರ ಅಗತ್ಯವೇ ಕಡಿಮೆಯಾಗುವಂಥ ವಾದಕ್ಕೆ ಬೆನ್ನುಕೊಟ್ಟದ್ದು. 1989ರಲ್ಲಿ ಬಿದ್ದದ್ದು 1992ರ ಡಿಸೆಂಬರ್‌ನಲ್ಲಿ 73ನೇ ತಿದ್ದುಪಡಿಯಾಗಿ ಎದ್ದಿತು. 30 ಹೋಗಿ ಮೂರನೇ ಒಂದು ಭಾಗವಾಯಿತು. ಕರ್ನಾಟಕ 2010ರಲ್ಲಿ ಅದನ್ನು ಅರ್ಧಕ್ಕೆ ಏರಿಸಿತು.

ಅವರನ್ನು ಹೊಗಳಿ ಮುಗಿಸುವುದೂ ಸರಿಯಲ್ಲ. ವಿಚ್ಛೇದಿತೆಗೆ ಜೀವನಾಂಶ ಕೊಡಿಸಿದ ಶಾಬಾನು ತೀರ್ಪನ್ನು ಬದಿಗೆ ಸರಿಸಿದ 1986ರ ಮುಸ್ಲಿಂ ಮಹಿಳೆಯರ ಕಾಯ್ದೆ ಬಂದಾಗ ಆರಿಫ್ ಮೊಹಮ್ಮದ್ ಖಾನ್ ಮಂತ್ರಿಗಿರಿ ಬಿಟ್ಟರು. ಆಳ್ವ ಅದೇ ಸರ್ಕಾರದಲ್ಲಿ ಉಳಿದರು. ಹಿಂದೆ ಯಶೋಧರಾ ದಾಸಪ್ಪನವರು ಪಾನನಿರೋಧ ಸಡಿಲಿಸಿದ್ದಕ್ಕೆ ರಾಜ್ಯದ ಸಂಪುಟದಿಂದ ಹೊರನಡೆದಿದ್ದರು. ಸಮಾನತೆಯ ಮಾತಿಗೆ ಕೆಲವೊಮ್ಮೆ ಕುರ್ಚಿಯ ಬೆಲೆ ತೆರಬೇಕು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲಂತೂ ಸದಸ್ಯರ ನಾಲಿಗೆ ಸ್ವತಂತ್ರ, ಮತ ಪಕ್ಷದ್ದು. ಹೀಗಿರುವಾಗ ಭಾಷಣ ದಂಡವೇ? ಅಲ್ಲ ಎನ್ನುತ್ತೇನೆ. ಮತ ಆ ದಿನಕ್ಕೆ ಮುಗಿಯುತ್ತದೆ. ಕಡತ ಸೇರಿದ ವಾದವನ್ನು ಮೂರು ವರ್ಷದ ಮೇಲೆ ಇನ್ನೊಬ್ಬರು ಎತ್ತಿಕೊಳ್ಳಬಹುದು. ಮೀಸಲು ಸ್ಥಾನದ ವಿಷಯದಲ್ಲಿ ಆದದ್ದು ಅದೇ.

‘ಪಂಚಾಯಿತಿಗೆ ಹೋಗಿ ನೋಡಿ, ಅಧ್ಯಕ್ಷರ ಕುರ್ಚಿಯ ಪಕ್ಕ ಯಜಮಾನರ ಕುರ್ಚಿ’ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ನೋಡಿದ್ದೇನೆ. ಕ್ರಿಯಾಯೋಜನೆ ಗಂಡನ ಕೈಯಲ್ಲಿ, ಸಹಿಯ ಪೆನ್ನು ಹೆಂಡತಿಯ ಕೈಯಲ್ಲಿ. ಆದರೆ ಇದನ್ನು ಮೀಸಲಾತಿಯ ಸೋಲು ಎನ್ನುವವರು, ಅಪ್ಪನ ಮಾತಿನಂತೆ ಸಹಿ ಹಾಕುವ ಗಂಡು ಸದಸ್ಯರ ಬಗ್ಗೆ, ಗುತ್ತಿಗೆದಾರರ ಜೇಬಿನಲ್ಲಿರುವ ಗಂಡು ಅಧ್ಯಕ್ಷರ ಬಗ್ಗೆ ಅದೇ ತೀರ್ಪು ಕೊಡುವುದಿಲ್ಲ. ಗಂಡಸು ದಡ್ಡನಾದರೆ ಅವನೊಬ್ಬ ದಡ್ಡ, ಹೆಂಗಸು ಹಿಂಜರಿದರೆ ಇಡೀ ಹೆಣ್ಣುಕುಲ ನಾಲಾಯಕ್ಕು. ಈ ಲೆಕ್ಕ ತಪ್ಪು. ಸಹಿ ಅವಳದೇ ಬೇಕು ಎಂದು ಕಾನೂನು ಹೇಳಿದ್ದರಿಂದಲೇ, ಒಂದಲ್ಲ ಒಂದು ದಿನ ‘ಇದೇನು ಬರೆದಿದೆ, ಓದಿ ಹೇಳಿ’ ಎಂದು ಕೇಳಲು ಅವಳಿಗೆ ದಾರಿಯಿದೆ.

ಪಂಚಾಯಿತಿಯಿಂದ ಮೇಲಿನ ಸದನಗಳ ಮಾತು ಬೇರೆ. ಚುಂಚನಕಟ್ಟೆ ಸೇರಿದ ಕೆ.ಆರ್. ನಗರ ಕ್ಷೇತ್ರ ಇರುವುದು ಮೈಸೂರು ಜಿಲ್ಲೆಯಲ್ಲಾದರೂ ಲೋಕಸಭೆಗೆ ಮಂಡ್ಯಕ್ಕೆ ಸೇರುತ್ತದೆ. ಅಲ್ಲಿಂದ 2013ರ ಉಪಚುನಾವಣೆಯಲ್ಲಿ ನಟಿ ರಮ್ಯಾ, 2019ರಲ್ಲಿ ಪಕ್ಷೇತರರಾಗಿ ನಟಿ ಸುಮಲತಾ ಗೆದ್ದರು. ಹುಣಸೂರು, ಪಿರಿಯಾಪಟ್ಟಣಗಳಿರುವ ಮೈಸೂರು ಕ್ಷೇತ್ರದಿಂದ 1991ರಲ್ಲಿ ದೇವರಾಜ ಅರಸರ ಮಗಳು ಚಂದ್ರಪ್ರಭಾ ಗೆದ್ದದ್ದೇ ಕೊನೆ. ಸಿನಿಮಾ ಅಥವಾ ಮನೆತನ, ಎರಡರಲ್ಲೊಂದು ಇಲ್ಲದ ಹೆಣ್ಣುಮಗಳಿಗೆ ಇಲ್ಲಿ ಬಾಗಿಲು ತೆರೆದಿಲ್ಲ. ಪಂಚಾಯಿತಿಯಲ್ಲಿ ಪಳಗಿದ ಸಾವಿರಾರು ಹೆಂಗಸರು ಮೇಲಿನ ಮೆಟ್ಟಿಲಿಗೆ ಬರುತ್ತಲೇ ಇಲ್ಲ. 2023ರ ವಿಧಾನಸಭೆಗೆ 224ರಲ್ಲಿ ಗೆದ್ದ ಹೆಂಗಸರು 10 ಮಂದಿ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲಿಡುವ ತಿದ್ದುಪಡಿ ರಾಜ್ಯಸಭೆಯಲ್ಲಿ ಒಂದೂ ವಿರೋಧವಿಲ್ಲದೆ ಪಾಸಾಯಿತು. ಜನಗಣತಿ, ಕ್ಷೇತ್ರ ಪುನರ್ವಿಂಗಡಣೆ ಆದ ಮೇಲೆ ಜಾರಿ ಎಂಬ ಷರತ್ತು ಅದರೊಳಗೇ ಇತ್ತು. 2024ರ ಲೋಕಸಭೆ ಚುನಾವಣೆ ಆ ಮೀಸಲಾತಿ ಇಲ್ಲದೆಯೇ ನಡೆಯಿತು. ಕರ್ನಾಟಕದ 28 ಸ್ಥಾನಗಳಲ್ಲಿ ಮೂರು ಹೆಣ್ಣುಮಕ್ಕಳ ಪಾಲಾದವು. ಟಿಕೆಟ್ ಕೊಡಲು ಪಕ್ಷಗಳಿಗೆ ಕಾನೂನು ಜಾರಿಯಾಗಲೇಬೇಕೆಂದಿಲ್ಲ. ಮುಂದಿನ ಸಲ ಮತ ಕೇಳಲು ಮನೆಗೆ ಬಂದವರನ್ನು, ನಿಮ್ಮ ಪಟ್ಟಿಯಲ್ಲಿ ಪಂಚಾಯಿತಿಯಿಂದ ಬಂದ ಹೆಂಗಸರು ಎಷ್ಟು ಎಂದು ಕೇಳಿ.