ಭಯಕ್ಕೆ ಯಾರ ಮುಖ?

ಕಳೆದ ರಂಜಾನಿನ ಒಂದು ರಾತ್ರಿ ತರಾವೀಹ್ ಮುಗಿಸಿ ಮನೆಗೆ ಬರುತ್ತಿದ್ದಾಗ ನಮ್ಮ ಮೊಹಲ್ಲಾದ ಹಿರಿಯರೊಬ್ಬರು ಕೈಹಿಡಿದು ನಿಲ್ಲಿಸಿದರು. “ಏನಪ್ಪಾ, ನಾಲ್ಕಕ್ಷರ ಓದಿದವನು ನೀನು. ಜನಕ್ಕೆ ಒಳ್ಳೆಯದಾಗುವ ಮಾತು ಬರೆಯುವುದು ಬಿಟ್ಟು ಜಿನ್ನು, ದೆವ್ವ, ಖಬರ್‌ಸ್ತಾನ ಅಂತ ಯಾಕೆ ಬರೆಯುತ್ತೀಯ?” ಎಂದು ಕೇಳಿದರು. ನಾವು ನಕ್ಕು, “ದುವಾ ಮಾಡಿ ಚಾಚಾ” ಎಂದು ಜಾರಿಕೊಂಡೆವು. ಅವರಿಂದ ಜಾರಿಕೊಂಡೆವು ನಿಜ, ಅವರ ಪ್ರಶ್ನೆಯಿಂದ ಆಗಲಿಲ್ಲ. ಅದು ನಮ್ಮ ಜೊತೆಯಲ್ಲೇ ಮನೆಗೆ ಬಂತು.

ನಮ್ಮ ಮನೆಯಲ್ಲಿ ಒಂದು ಕಪಾಟು ಇದೆ. ಮನೆಯವರು ಅದಕ್ಕೆ ‘ಮೌತ್ ಕಾ ಕಪಾಟ್’ ಎಂದು ಹೆಸರಿಟ್ಟಿದ್ದಾರೆ. ಅದರಲ್ಲಿ ಮಂಟೋ ಇದ್ದಾನೆ, ಎಡ್ಗರ್ ಅಲನ್ ಪೋ ಇದ್ದಾನೆ, ಕಾಫ್ಕಾನನ್ನು ಉರ್ದುವಿಗೆ ತಂದ ಲಖನೌದ ನಯ್ಯರ್ ಮಸೂದ್ ಇದ್ದಾರೆ. ಕೆಳಗಿನ ಖಾನೆಯಲ್ಲಿ ಹಳೆಯ ಕ್ಯಾಸೆಟ್ಟುಗಳು, ಸಿನಿಮಾ ಸೀಡಿಗಳು. ಹೆಚ್ಚಿನವು ಕತ್ತಲಿಗೆ ಸಂಬಂಧಿಸಿದವೇ. ಮದುವೆ ಮನೆಯ ಹಾಡಿಗಿಂತ ಮೊಹರ್ರಮ್ಮಿನ ಮರ್ಸಿಯಾ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ಕೂರಿಸುತ್ತದೆ. ಇದು ರೋಗವೇ? ಸುಖವಾಗಿ ಉಂಡು ಮಲಗಬಹುದಾದ ಮನುಷ್ಯ ದುಡ್ಡು ಕೊಟ್ಟು ಭಯವನ್ನು ಯಾಕೆ ಕೊಂಡು ತರುತ್ತಾನೆ? ತರುವುದು ಸರಿಯೇ?

ಪ್ರಶ್ನೆ ಹಳೆಯದು. ಗ್ರೀಸಿನ ಅರಿಸ್ಟಾಟಲ್ ದುರಂತ ನಾಟಕದ ಬಗ್ಗೆ ಹೇಳುವಾಗ ಭಯ ಮತ್ತು ಕರುಣೆ ಎರಡನ್ನೂ ಜೋಡಿಯಾಗಿಯೇ ಹೆಸರಿಸಿದ. ನಮ್ಮ ಭರತಮುನಿ ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳುವಾಗ ಭಯಾನಕಕ್ಕೆ ಒಂದು ಸ್ಥಾನ ಕೊಟ್ಟು, ಬೀಭತ್ಸಕ್ಕೆ ಬೇರೆಯೇ ಸ್ಥಾನ ಕೊಟ್ಟ. ಒಂದರ ಮೂಲ ಭಯ, ಇನ್ನೊಂದರ ಮೂಲ ಜುಗುಪ್ಸೆ, ಅಂದರೆ ಹೇಸಿಗೆ. ಒಬ್ಬ ಭಯವನ್ನು ಕರುಣೆಯ ಪಕ್ಕ ಕೂರಿಸಿದ, ಇನ್ನೊಬ್ಬ ಅದನ್ನು ಹೇಸಿಗೆಯಿಂದ ದೂರ ಕೂರಿಸಿದ. ಇದರಲ್ಲಿ ಎಂಥ ತಿಳಿವಳಿಕೆ ಅಡಗಿದೆ ಎಂಬುದು ನಮಗೆ ಅರ್ಥವಾದದ್ದು ಬಹಳ ತಡವಾಗಿ.

ನಮಗೆ ಮೊದಲು ಭಯದ ರುಚಿ ಹತ್ತಿಸಿದವರು ನಮ್ಮ ನಾನಿ. ಮಗ್ರಿಬ್ ಆದ ಮೇಲೆ ಕರೆಂಟು ಹೋದರೆ ಅವರ ಕಥೆ ಶುರುವಾಗುತ್ತಿತ್ತು. ಅವರ ಜಿನ್ನುಗಳು ಹಿತ್ತಲಿನ ಹುಣಸೆಮರದಲ್ಲಿ, ಹಾಳುಬಾವಿಯಲ್ಲಿ ಸಂಸಾರ ಹೂಡಿದ್ದವು. ಅವಕ್ಕೂ ಮಕ್ಕಳು, ಮದುವೆ, ಮುನಿಸು. ಅನ್ನ ಬಸಿದ ಬಿಸಿ ಗಂಜಿಯನ್ನು ಹಿತ್ತಲಿಗೆ ಚೆಲ್ಲುವ ಮೊದಲು ಅವರು ‘ಬಿಸ್ಮಿಲ್ಲಾ’ ಎಂದು ಗಟ್ಟಿಯಾಗಿ ಹೇಳುತ್ತಿದ್ದರು. “ಕತ್ತಲಲ್ಲಿ ಜಿನ್ನಿನ ಕೂಸು ಮಲಗಿದ್ದರೆ? ಪಾಪ, ಸುಟ್ಟೀತಲ್ಲ” ಎನ್ನುತ್ತಿದ್ದರು. ನಾವು ಹೆದರಿ ಅವರ ಸೆರಗಿನೊಳಗೆ ಸೇರಿಕೊಳ್ಳುತ್ತಿದ್ದೆವು. ಆದರೆ ಆ ಹೆದರಿಕೆಯೊಳಗೇ, ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು ಎಂಬ ಪಾಠ ಇತ್ತು.

1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಜನ ‘ನಾಳೆ ಬಾ’ ಎಂದು ಬರೆದರಲ್ಲ, ಅದೂ ಇದೇ ಜಾತಿಯ ಭಯ. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವಕ್ಕೂ ಮರ್ಯಾದೆಯಿಂದ ನಾಳೆ ಬರಲು ಹೇಳಿ ಕಳಿಸುವುದು! ಆ ಬರಹದಿಂದ ಯಾರಿಗೂ ಏಟು ಬೀಳಲಿಲ್ಲ.

ಸಿನಿಮಾಗಳಲ್ಲಿ ನಮಗೆ ಇಂದಿಗೂ ಅಚ್ಚುಮೆಚ್ಚು 1949ರ ‘ಮಹಲ್’. ಕಮಾಲ್ ಅಮ್ರೋಹಿ ನಿರ್ದೇಶಿಸಿದ ಮೊದಲ ಚಿತ್ರ. ಹಾಳು ಬಂಗಲೆ, ಉಯ್ಯಾಲೆ, ಎಲ್ಲಿಂದಲೋ ತೇಲಿಬರುವ ಲತಾ ಮಂಗೇಶ್ಕರ್ ಅವರ ದನಿ. ಮೊದಲು ದೂರದಲ್ಲಿ, ಆಮೇಲೆ ಹತ್ತಿರದಲ್ಲಿ. ಆ ಹಾಡಿಗೆ ರಾಗ ಹಾಕಿದ ಖೇಮ್‌ಚಂದ್ ಪ್ರಕಾಶ್ ಚಿತ್ರ ಬಿಡುಗಡೆಯಾಗುವ ಮೊದಲೇ ತೀರಿಕೊಂಡರು. ಮೊದಲ ಗ್ರಾಮಫೋನ್ ತಟ್ಟೆಗಳ ಮೇಲೆ ಹಾಡಿದವರ ಜಾಗದಲ್ಲಿ ಲತಾ ಹೆಸರಿರಲಿಲ್ಲ. ಚಿತ್ರದ ಪಾತ್ರವಾದ ‘ಕಾಮಿನಿ’ಯ ಹೆಸರಿತ್ತು. ಹಾಡಿದ ಹುಡುಗಿಗೇ ಹೆಸರಿಲ್ಲ! ಕಥೆಯ ಕೊನೆಗೆ ಗೊತ್ತಾಗುವುದೇನು? ಅಲ್ಲಿ ಪ್ರೇತವೇ ಇಲ್ಲ. ಪ್ರೇತವಾಗಿ ಕಾಣುತ್ತಿದ್ದವಳು ಆ ಬಂಗಲೆಯ ಮಾಲಿಯ ಮಗಳು. ಮಾಲಿಯ ಮಗಳಾಗಿ ಇದ್ದರೆ ದೊಡ್ಡಮನೆಯ ಯಜಮಾನನ ಕಣ್ಣಿಗೆ ಅವಳು ಬೀಳುತ್ತಲೇ ಇರಲಿಲ್ಲ. ನಮ್ಮ ಭಯ ಅಲ್ಲಿಗೆ ಕರುಣೆಯಾಗಿ ಕರಗುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿ. ತೊಡಕು ಶುರುವಾಗುವುದು ನಮ್ಮ ಕಪಾಟಿನ ಇನ್ನೊಬ್ಬನಿಂದ.

ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ (1890-1937) ಭಯದ ಕಥೆಗಳಲ್ಲಿ ದೊಡ್ಡ ಹೆಸರು. ಈ ವಿಶ್ವದಲ್ಲಿ ಮನುಷ್ಯ ಎಷ್ಟು ಅಲ್ಪ ಎಂಬುದನ್ನು ಅವನಂತೆ ಬರೆದವರು ವಿರಳ. ಇಪ್ಪತ್ತರ ವಯಸ್ಸಿನಲ್ಲಿ ಅವನನ್ನು ಓದಿ ರಾತ್ರಿ ದೀಪ ಆರಿಸಲಾರದೆ ಕೂತಿದ್ದೆವು. ಅವನ ಕಥೆಗಳಲ್ಲಿ ‘ನೆಕ್ರೊನಾಮಿಕಾನ್’ ಎಂಬ ಶಾಪಗ್ರಸ್ತ ಗ್ರಂಥವೊಂದು ಬರುತ್ತದೆ. ಅಂಥ ಗ್ರಂಥ ಎಲ್ಲೂ ಇಲ್ಲ, ಅವನೇ ಕಲ್ಪಿಸಿದ್ದು. ಬರೆದವನು ಯಮನ್ ದೇಶದ ಹುಚ್ಚ ಅರಬ, ಅಬ್ದುಲ್ ಅಲ್‌ಹಜ್ರದ್. ಉರ್ದು ಮದ್ರಸಾದಲ್ಲಿ ಎರಡು ದಿನ ಕೂತವನಿಗೂ ಈ ಹೆಸರು ಕೇಳಿ ನಗು ಬರುತ್ತದೆ. ‘ಅಬ್ದುಲ್’ ಎಂಬುದರೊಳಗೇ ಒಂದು ‘ಅಲ್’ ಇರುವಾಗ ಮುಂದೆ ಇನ್ನೊಂದು ‘ಅಲ್’ ಎಲ್ಲಿಂದ ಬಂತು? ಅರಬ್ಬೀ ಬಲ್ಲ ಯಾರೂ ಮಗುವಿಗೆ ಇಡದ ಹೆಸರು.

ಆ ಹೆಸರಿನ ಹಿಂದೆ ಒಂದು ಮುದ್ದಾದ ಸಂಗತಿ ಇದೆ. ಐದು ವರ್ಷದ ಹುಡುಗನಾಗಿದ್ದಾಗ ಲವ್‌ಕ್ರಾಫ್ಟ್ ‘ಅರೇಬಿಯನ್ ನೈಟ್ಸ್’ ಓದಿ ಮರುಳಾಗಿ, ತಾನೂ ಅರಬನೆಂದು ಆಡುತ್ತಿದ್ದ. ಆಟದಲ್ಲಿ ಅವನಿಗಿದ್ದ ಹೆಸರೇ ಅದು. ಅರಬನಾಗಬೇಕೆಂದು ಆಸೆಪಟ್ಟ ಆ ಮಗು ದೊಡ್ಡವನಾದ ಮೇಲೆ 1924ರಲ್ಲಿ ನ್ಯೂಯಾರ್ಕಿಗೆ ಹೋಯಿತು. ಅಲ್ಲಿಯ ಬೀದಿಗಳಲ್ಲಿ ಸಿರಿಯಾ, ಇಟಲಿಯಂಥ ದೇಶಗಳಿಂದ ಹೊಟ್ಟೆಪಾಡಿಗಾಗಿ ಬಂದವರನ್ನು ಕಂಡು ಹೇಸಿಕೊಂಡಿತು. ಆ ಹೇಸಿಗೆಯಿಂದಲೇ 1925ರಲ್ಲಿ ‘ದಿ ಹಾರರ್ ಅಟ್ ರೆಡ್ ಹುಕ್’ ಎಂಬ ಕಥೆ ಹುಟ್ಟಿತು. ವಲಸೆ ಬಂದ ಬಡವರ ಕೇರಿಯೇ ಅದರಲ್ಲಿ ನರಕ. ಕುರ್ದಿಸ್ತಾನದ ಯಜೀದಿಗಳನ್ನು ಸೈತಾನನ ಆರಾಧಕರೆಂದು ಕರೆದು ಓದುಗನನ್ನು ಹೆದರಿಸುತ್ತಾನೆ. ಇಲ್ಲಿ ಭಯ ಕರುಣೆಯ ಪಕ್ಕದಿಂದ ಎದ್ದು ಹೋಗಿ ಹೇಸಿಗೆಯ ಪಕ್ಕ ಕೂತಿದೆ.

ಕಥೆ ತಾನೆ, ಬಿಡಿ ಎನ್ನಬಹುದು. ಆದರೆ 2014ರ ಆಗಸ್ಟ್ ತಿಂಗಳಲ್ಲಿ ಇರಾಕಿನ ಸಿಂಜಾರಿನಲ್ಲಿ ಐಸಿಸ್‌ನವರು ಅದೇ ಯಜೀದಿಗಳ ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊಂದರು, ಹೆಂಗಸರನ್ನೂ ಹುಡುಗಿಯರನ್ನೂ ಮಾರಿದರು. ವಿಶ್ವಸಂಸ್ಥೆಯ ತನಿಖಾ ಆಯೋಗ 2016ರಲ್ಲಿ ಅದನ್ನು ನರಮೇಧ ಎಂದು ಕರೆಯಿತು. ಕೊಂದವರ ಬಾಯಲ್ಲೂ ಇದ್ದದ್ದು ಅದೇ ಮಾತು: ಇವರು ಸೈತಾನನ ಆರಾಧಕರು. ಕೊಂದವರು ಲವ್‌ಕ್ರಾಫ್ಟನನ್ನು ಓದಿರಲಿಲ್ಲ. ಆ ಸುಳ್ಳು ಅವನಿಗಿಂತ ನೂರಾರು ವರ್ಷ ಹಳೆಯದು. ಅದನ್ನು ನಂಬಿ ಹರಡಿದವರಲ್ಲಿ ನಮ್ಮ ಹೆಸರು ಹೊತ್ತವರೂ ಇದ್ದರು ಎಂಬುದನ್ನು ನಾವು ಮುಚ್ಚಿಡಬಾರದು.

ಲವ್‌ಕ್ರಾಫ್ಟನ ಮೇಲೆ ಸಿಟ್ಟಾಗಿ ‘ನೋಡಿ, ಪಶ್ಚಿಮದವರು ನಮ್ಮನ್ನು ಹೇಗೆ ಚಿತ್ರಿಸುತ್ತಾರೆ’ ಎಂದು ಒಂದು ಲೇಖನ ಬರೆಯಲು ನಾವೂ ಒಮ್ಮೆ ಕೂತಿದ್ದೆವು. ಬರೆಯಲಾಗಲಿಲ್ಲ. ಅದಕ್ಕೆ ಕಾರಣ ನಮ್ಮದೇ ಒಂದು ಕಥೆ.

ಬಹಳ ವರ್ಷಗಳ ಹಿಂದೆ ಬರೆದದ್ದು. ಹಾಳು ಕೋಟೆಯಲ್ಲಿ ನಿಧಿ ಕಾಯುವ ಒಂದು ಪಿಶಾಚಿ. ಅದನ್ನು ನಾವು ಹಬ್ಶಿಯಾಗಿ ಚಿತ್ರಿಸಿದ್ದೆವು. ಕಪ್ಪು ಮೈ, ದಪ್ಪ ತುಟಿ, ಗುಂಗುರು ಕೂದಲು. ಹಳೆಯ ದಾಸ್ತಾನುಗಳಲ್ಲಿ ಅಂಥ ಚಿತ್ರ ಎಷ್ಟೋ ಓದಿದ್ದೆವು, ಲೇಖನಿ ತಾನಾಗಿಯೇ ಅತ್ತ ಹರಿದಿತ್ತು. ಓದಿದವರು ಮೆಚ್ಚಿದರು. ಕೆಲವು ವರ್ಷಗಳ ನಂತರ ಉತ್ತರ ಕನ್ನಡದ ಒಂದು ಸಾಹಿತ್ಯ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ ಹಳಿಯಾಳ ಕಡೆಯ ಸಿದ್ದಿ ಯುವಕನೊಬ್ಬ ಹತ್ತಿರ ಬಂದು ಸಲಾಂ ಹೇಳಿದ. ಅವನೂ ನಮ್ಮ ಜೊತೆ ಒಂದೇ ಸಫ್‌ನಲ್ಲಿ ನಮಾಜಿಗೆ ನಿಂತಿದ್ದವನು. “ಸರ್, ನಿಮ್ಮ ಕಥೆ ನಮ್ಮ ಹಾಸ್ಟೆಲಿನಲ್ಲಿ ಒಬ್ಬ ಗಟ್ಟಿಯಾಗಿ ಓದಿದ. ಆಮೇಲೆ ಆರು ತಿಂಗಳು ನನ್ನನ್ನು ಎಲ್ಲರೂ ಆ ಪಿಶಾಚಿಯ ಹೆಸರಿನಿಂದಲೇ ಕರೆದರು” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಕಥೆ ಚೆನ್ನಾಗಿತ್ತು ಸರ್” ಎಂದೂ ಸೇರಿಸಿದ.

ಆ ಕೊನೆಯ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಕಥೆ ಚೆನ್ನಾಗಿದ್ದದ್ದರಿಂದಲೇ ಅವನಿಗೆ ಆರು ತಿಂಗಳು ನೋವಾಯಿತು. ಕೆಟ್ಟದಾಗಿ ಬರೆದಿದ್ದರೆ ಹುಡುಗರು ಮರುದಿನವೇ ಮರೆಯುತ್ತಿದ್ದರು.

ಹಾಗಾದರೆ ಲವ್‌ಕ್ರಾಫ್ಟನನ್ನು ಕಪಾಟಿನಿಂದ ಹೊರಗೆ ಎಸೆಯೋಣವೇ? ಅಮೆರಿಕದಲ್ಲಿ ‘ವರ್ಲ್ಡ್ ಫ್ಯಾಂಟಸಿ’ ಪ್ರಶಸ್ತಿ ಪಡೆದವರಿಗೆ 1975ರಿಂದ ಅವನ ತಲೆಯ ಪ್ರತಿಮೆಯನ್ನೇ ಕೊಡುತ್ತಿದ್ದರು. 2011ರಲ್ಲಿ ಅದು ನೈಜೀರಿಯಾ ಮೂಲದ ಲೇಖಕಿ ನ್ನೆಡಿ ಒಕೊರಾಫೋರ್ ಅವರಿಗೆ ಬಂತು. ತಮ್ಮ ಜನರನ್ನು ಹೀನವಾಗಿ ಕಂಡವನ ತಲೆ ತಮ್ಮ ಮನೆಯಲ್ಲಿ! ಅವರು ಆ ಮುಜುಗರವನ್ನು ಬಹಿರಂಗವಾಗಿಯೇ ಬರೆದರು. ವಾದವಿವಾದಗಳಾದವು. 2015ರಲ್ಲಿ ಆ ಪ್ರತಿಮೆ ಕೊಡುವುದನ್ನು ಕೈಬಿಟ್ಟರು. ಅವನ ಪುಸ್ತಕಗಳನ್ನು ಯಾರೂ ಸುಡಲಿಲ್ಲ. ಇದು ನಮಗೆ ಒಪ್ಪಿಗೆಯಾಗುವ ದಾರಿ. ಓದುವುದು ಬೇರೆ, ತಲೆಯ ಮೇಲೆ ಹೊತ್ತು ಮೆರೆಸುವುದು ಬೇರೆ. ಅವನ ಪುಸ್ತಕ ನಮ್ಮ ಕಪಾಟಿನಲ್ಲೇ ಇದೆ. ಅದನ್ನು ಎಸೆದರೆ ನಮ್ಮ ಆ ಪಿಶಾಚಿಯ ಕಥೆಯನ್ನೂ ಎಸೆಯಬೇಕು. ಎಸೆದು ಕೈತೊಳೆದುಕೊಂಡರೆ ಮಾಡಿದ್ದನ್ನು ಮರೆಯುವುದು ಸುಲಭವಾಗುತ್ತದೆ.

ಭಯದ ಕಥೆಯನ್ನೇ ಬೇರೆ ದಾರಿಗೆ ತಿರುಗಿಸಿದವರೂ ಇದ್ದಾರೆ. 1968ರಲ್ಲಿ ಜಾರ್ಜ್ ರೊಮೆರೊ ಎಂಬ ಅಮೆರಿಕನ್ ನಿರ್ದೇಶಕ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಂಬ ಕಪ್ಪುಬಿಳುಪು ಚಿತ್ರ ಮಾಡಿದ. ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಕಥೆ. ಡ್ವೇನ್ ಜೋನ್ಸ್ ಎಂಬ ಕರಿಯ ನಟನ ಪಾತ್ರ ಒಂದು ಮನೆಯೊಳಗೆ ಸೇರಿ ರಾತ್ರಿಯಿಡೀ ಹೆಣಗಳೊಡನೆ ಹೋರಾಡಿ ಬದುಕುಳಿಯುತ್ತದೆ. ಬೆಳಗಾದಾಗ ಬಂದೂಕು ಹಿಡಿದ ಬಿಳಿಯರ ಗುಂಪು ಬರುತ್ತದೆ. ಕಿಟಕಿಯಲ್ಲಿ ಕಂಡ ಅವನನ್ನು ಹೆಣವೆಂದೇ ತಿಳಿದು ಗುಂಡು ಹೊಡೆಯುತ್ತದೆ. ರಾತ್ರಿಗಿಂತ ನಮ್ಮನ್ನು ಹೆಚ್ಚು ಹೆದರಿಸುವುದು ಆ ಬೆಳಗು.

ಮಂಟೋನ ‘ಸಿಯಾಹ್ ಹಾಶಿಯೇ’ (1948) ಇನ್ನೂ ಒಂದು ಹೆಜ್ಜೆ ಮುಂದೆ. ದೇಶ ವಿಭಜನೆಯ ಕೊಲೆಗಳ ಬಗ್ಗೆ ಪುಟ್ಟ ಪುಟ್ಟ ತುಣುಕುಗಳು, ಕೆಲವು ನಾಲ್ಕೈದು ಸಾಲಿನವು. ಅನೇಕ ಕಡೆ ಕೊಂದವನು ಯಾವ ಧರ್ಮದವನು ಎಂದು ಅವನು ಹೇಳುವುದೇ ಇಲ್ಲ. ಓದುವವನು ‘ಅವರು’ ಎಂದು ಬೆರಳು ತೋರಿಸಲು ಹೊರಟರೆ ಬೆರಳಿಗೆ ಗುರಿ ಸಿಗುವುದಿಲ್ಲ, ಅದು ಮಡಚಿ ತನ್ನ ಕಡೆಗೇ ಬರುತ್ತದೆ.

ನಮ್ಮ ನಾಡಿನಲ್ಲೂ ಭಯದ ಕಥೆಯೊಂದು ಕೊಂದಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸಪ್ಪಿನಲ್ಲಿ ಹರಿದಾಡಿತು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸಕ್ಕೆ ಬಂದಿದ್ದ ಯುವಕನೊಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬ ಹಾಗೆಯೇ ಸತ್ತ. ಅವನ ಜೊತೆಯಲ್ಲಿದ್ದ ಗೆಳೆಯ ಹಳ್ಳಿಯ ಮಕ್ಕಳಿಗೆ ಚಾಕೊಲೇಟು ಹಂಚಿದ್ದೇ ಸಂಶಯಕ್ಕೆ ಸಾಕಾಗಿತ್ತು. ಮಕ್ಕಳನ್ನು ಹಿಡಿಯುವ ಗುಮ್ಮನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಗುಮ್ಮನಿಗೆ ಮುಖವಿಲ್ಲದಿದ್ದಾಗ ಮಗು ತಾಯಿಯನ್ನು ಅಪ್ಪಿಕೊಂಡಿತು. ಅವನಿಗೆ ಪರ ಊರಿನವನ ಮುಖ ಅಂಟಿಸಿದಾಗ ಹಳ್ಳಿಯೇ ಕಲ್ಲು ಎತ್ತಿಕೊಂಡಿತು.

ಮೊಹಲ್ಲಾದ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರ ಈಗ ಸ್ವಲ್ಪ ಹೊಳೆಯುತ್ತಿದೆ. ಕತ್ತಲನ್ನು ಪ್ರೀತಿಸುವುದು ತಪ್ಪಲ್ಲ. ಮರಣವನ್ನು ಆಗಾಗ ನೆನೆಯಬೇಕೆಂಬ ಮಾತು ಕೇಳಿಯೇ ಬೆಳೆದವರು ನಾವು. ಹೆದರುವುದನ್ನು ಪೂರ್ತಿ ಮರೆತ ಮನುಷ್ಯ ಇನ್ನೊಬ್ಬನ ಹೆದರಿಕೆಯನ್ನೂ ಅರಿಯಲಾರ. ಆದರೆ ಒಂದು ಕಥೆ ಓದಿ, ಒಂದು ಸಿನಿಮಾ ನೋಡಿ ಎದ್ದ ಮೇಲೆ ನಮ್ಮನ್ನು ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈಗ ಬೀದಿಯಲ್ಲಿ ಯಾರನ್ನಾದರೂ ಕಂಡರೆ ನಾವು ಹೆಚ್ಚು ಹೆದರುತ್ತೇವೆಯೋ, ಇಲ್ಲವೇ ಹೆದರಿ ನಿಂತ ಯಾರದಾದರೂ ಪಕ್ಕ ಹೋಗಿ ನಿಲ್ಲಲು ಕಲಿತೆವೋ? ಬರೆಯುವವನು ಇದೇ ಪ್ರಶ್ನೆಯನ್ನು ಬರೆಯುವ ಮೊದಲೇ ಕೇಳಿಕೊಳ್ಳಬೇಕು.

ಆ ಸಿದ್ದಿ ಯುವಕನಿಗೆ ನಾವು ಅಂದು ಮಾಫಿ ಕೇಳಿದೆವು. ಅವನು ನಕ್ಕು, “ಬಿಡಿ ಸರ್” ಎಂದ. ಕಥೆಯನ್ನು ಹಿಂದಕ್ಕೆ ಪಡೆಯಲು ಸಾಧ್ಯವಿಲ್ಲ, ಅಚ್ಚಾದದ್ದು ಅಚ್ಚಾಯಿತು. ನಾವು ಈಗಲೂ ಜಿನ್ನುಗಳ ಕಥೆ ಬರೆಯುತ್ತೇವೆ, ರಾತ್ರಿ ಹೊತ್ತೇ ಬರೆಯುತ್ತೇವೆ. ಆದರೆ ಪಿಶಾಚಿಗೆ ಮುಖ ಬರೆಯುವ ಜಾಗ ಬಂದಾಗ ಲೇಖನಿ ಒಮ್ಮೆ ನಿಲ್ಲುತ್ತದೆ. ಗಂಜಿ ಚೆಲ್ಲುವ ಮೊದಲು ನಾನಿ ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದಂತೆ, ಕತ್ತಲಲ್ಲಿ ಯಾರ ಕೂಸು ಮಲಗಿದೆಯೋ ಎಂದು.