ಅರ್ಧ ಅಂಕದ ಬೆಲೆ

ಚದುರಂಗದಲ್ಲಿ ಗೆದ್ದವನಿಗೆ ಒಂದು ಅಂಕ, ಸೋತವನಿಗೆ ಸೊನ್ನೆ. ಆಟ ಸಮವಾದರೆ ಇಬ್ಬರಿಗೂ ಅರ್ಧರ್ಧ. ಲೆಕ್ಕವೇನೋ ಸರಿಯೇ. ಆದರೆ ಅರ್ಧಗಳೆಲ್ಲ ಒಂದೇ ತೂಕದವೇ ಎಂಬ ಸಂದೇಹ ನನ್ನನ್ನು ಬಿಟ್ಟಿಲ್ಲ.

1960ರಲ್ಲಿ ಲೈಪ್‌ಜಿಗ್ ನಗರದ ಒಲಿಂಪಿಯಾಡಿನಲ್ಲಿ ಅಮೆರಿಕದ ಬಾಬಿ ಫಿಷರ್, 17 ವರ್ಷದ ಹುಡುಗ, ಆ ವರ್ಷವೇ ಜಗಜ್ಜೇತನಾಗಿದ್ದ ಮಿಖಾಯಿಲ್ ತಾಲ್‌ನ ಎದುರು ಕುಳಿತ. ತಾಲ್ ಹಿಡಿದದ್ದು ಫ್ರೆಂಚ್ ರಕ್ಷಣೆಯ ದಾರಿ. ಕರಿಯ ಕಾಲಾಳು ಒಂದೇ ಮನೆ ಮುಂದೆ ಬಂದು ವಿನಯದಿಂದ ನಿಲ್ಲುವ ಪ್ರಾರಂಭವದು. ಅದರ ವಿನಾವರ್ ಎಂಬ ಕವಲಿನಲ್ಲಿ ಆ ವಿನಯ ಮೂರನೆಯ ನಡೆಗೇ ಮುಗಿಯುತ್ತದೆ: ಕರಿಯ ಒಂಟೆ ನುಗ್ಗಿಬಂದು ಬಿಳಿಯ ಕುದುರೆಯನ್ನು ಕಟ್ಟಿಹಾಕುತ್ತದೆ. ಫಿಷರ್ ಮಂತ್ರಿಯನ್ನು ಹೊರತಂದು ರಾಜನ ಕಡೆಯ ಎರಡು ಕಾಲಾಳುಗಳನ್ನು ನುಂಗಿದ. ತಾಲ್ ಅವು ಹೋದ ತೆರಪಿನಲ್ಲೇ ತನ್ನ ಆನೆಗೆ ಹಾದಿ ಮಾಡಿದ. ಕೊನೆಗೆ ಆ ಆನೆಯನ್ನೂ ಬಲಿಕೊಟ್ಟು, ಬಿಳಿಯ ರಾಜನಿಗೆ ಮಂತ್ರಿಯಿಂದ ಚೆಕ್ ಮೇಲೆ ಚೆಕ್ ಕೊಡತೊಡಗಿದ. ರಾಜನಿಗೆ ಅಡಗಲು ಮನೆಯಿಲ್ಲ. ಮಂತ್ರಿಯೊಂದರಿಂದಲೇ ಅವನನ್ನು ಕೊಲ್ಲುವುದೂ ಆಗದು. 21ನೆಯ ನಡೆಗೆ ಆಟ ಸಮ. ಗೆಲ್ಲುವುದಕ್ಕೇ ಹುಟ್ಟಿದವನೆನಿಸಿದ ಫಿಷರ್ ಮುಂದೆ ತನ್ನ 60 ಸ್ಮರಣೀಯ ಆಟಗಳನ್ನು ಆರಿಸಿದಾಗ ಇದನ್ನು ಬಿಡಲಿಲ್ಲ.

ಇನ್ನೊಂದು ಬಗೆಯ ಅರ್ಧವನ್ನು 1962ರಲ್ಲಿ ಕುರಸಾವೊ ದ್ವೀಪದಲ್ಲಿ ನೋಡಬಹುದಿತ್ತು. ಎಂಟು ಜನರ, 28 ಸುತ್ತುಗಳ ಸ್ಪರ್ಧೆ; ಮೊದಲು ಬಂದವನಿಗೆ ಜಗಜ್ಜೇತನನ್ನು ಎದುರಿಸುವ ಹಕ್ಕು. ಸೋವಿಯತ್ ಒಕ್ಕೂಟದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ತಮ್ಮತಮ್ಮೊಳಗೆ ಆಡಿದ 12 ಆಟಗಳೂ ಸಮ! ಬಹುಪಾಲು, ಕಾವೇರುವ ಮೊದಲೇ ಕೈಕುಲುಕಿ ಮುಗಿದವು. ನಾಲ್ಕನೆಯವನಾದ ಫಿಷರ್ ಇದು ಒಳಒಪ್ಪಂದವೆಂದು ಬಹಿರಂಗವಾಗಿ ಬರೆದ. ಮುಂದಿನ ಸಲದಿಂದ ಆ ಹಂತವನ್ನು ಇಬ್ಬಿಬ್ಬರ ಪಂದ್ಯಗಳಾಗಿ ಮಾರ್ಪಡಿಸಿದರು.

ಮೂವರು ಮಾಡಿದ್ದು ತಪ್ಪೇ? ಸಮಕ್ಕೆ ಒಪ್ಪುವುದನ್ನು ನಿಯಮ ತಡೆದಿರಲಿಲ್ಲ. ಸುಡುವ ನಾಡಿನಲ್ಲಿ ಸುಮಾರು ಎರಡು ತಿಂಗಳ ಹೋರಾಟ; ಶಕ್ತಿ ಉಳಿಸಿಕೊಳ್ಳುವುದು ಜಾಣತನವೇ. ಕಚೇರಿಯಲ್ಲಿ ಪಕ್ಕದ ಮೇಜಿನವರೊಡನೆ ನಾವು ಮಾಡಿಕೊಂಡಿರುವ ಮೌನಸಂಧಿಗಳೇನು ಕಡಿಮೆಯೆ? ಆದರೆ ಇಂಥ ಸಂಧಿಗೆ ತೆರಿಗೆ ಕೊಡುವವರು ಕೈಕುಲುಕಿದವರಲ್ಲ, ಹೊರಗುಳಿದ ಐವರು. ಲೈಪ್‌ಜಿಗ್‌ನಲ್ಲಿ ಇಬ್ಬರೂ ಸೋಲನ್ನು ಪಣಕ್ಕಿಟ್ಟೇ ಅರ್ಧ ಪಡೆದಿದ್ದರು.

ಇಷ್ಟಾದರೂ ಮೂವರನ್ನೂ ಒಟ್ಟಿಗೆ ಕಟಕಟೆಯಲ್ಲಿ ನಿಲ್ಲಿಸಲು ಮನಸ್ಸು ಬಾರದು, ಅಡ್ಡಬರುವವನು ಕೆರೆಸ್. ಎಸ್ಟೋನಿಯದ ಆ ಸಜ್ಜನನಿಗೆ ಆಗ 46 ವಯಸ್ಸು. ಕುರಸಾವೊದಲ್ಲಿ ಪೆಟ್ರೋಸಿಯನ್ ಪಡೆದದ್ದು 17½. ಕೆರೆಸ್ ಹಾಗೂ ಗೆಲ್ಲರ್, 17. ಮರುವರ್ಷ ಪೆಟ್ರೋಸಿಯನ್ ಬೊಟ್ವಿನ್ನಿಕ್‌ನನ್ನು ಸೋಲಿಸಿ ಪಟ್ಟವೇರಿದ. ಅವನೊಡನೆ ನಾಲ್ಕು ಸಲ ಅರ್ಧ ಹಂಚಿಕೊಂಡಿದ್ದ ಕೆರೆಸ್‌ಗೆ ಪಟ್ಟಕ್ಕಾಗಿ ಆಡುವ ಅವಕಾಶ ಮತ್ತೆ ಬರಲಿಲ್ಲ.